ಹೆಸರನ್ನು ಮರೆಸಿದ ಕವಿ

ಈಚಿನ ಪ್ರಣಯ ಕಾದಂಬರಿಗಳಲ್ಲಿ ನಾಯಕನು ಕಾಲವನ್ನು ದಾಟಿ ಹಿಂದಿನ ಶತಮಾನವೊಂದನ್ನು ಹೊಗುವುದುಂಟು. ಅವನಾರೆಂಬುದು ಅಲ್ಲಿಯವರಿಗೆ ತಿಳಿಯದು, ಓದುಗನಿಗೆ ಮಾತ್ರ ತಿಳಿದಿರುತ್ತದೆ. ವ್ಯಂಗ್ಯವೆಲ್ಲ ಹುಟ್ಟುವುದು ಅಲ್ಲಿಯೇ. ಎರ್ಮಾಳಿನ ನನ್ನ ವಿದ್ಯಾರ್ಥಿಯೊಬ್ಬನು ಅಂಥದೊಂದು ಕಾದಂಬರಿಯನ್ನು ಕೊಂಡಾಡಿದಾಗ ನನಗೆ ನೆನಪಾದವನು ಮುದ್ದಣ. ಎರ್ಮಾಳಿನಿಂದ ಪಡುಬಿದ್ರಿಗೆ ಹೋಗಿ ಕಾರ್ಕಳದ ದಾರಿ ಹಿಡಿದರೆ ಬೆಳ್ಮಣ್ಣಿನ ಸಮೀಪದ ನಂದಳಿಕೆಯೇ ಅವನ ಹುಟ್ಟೂರು.

ನಂದಳಿಕೆ ಲಕ್ಷ್ಮೀನಾರಣಪ್ಪನು ಜನಿಸಿದ್ದು 1870ರಲ್ಲಿ. ಮುದ್ದಣನೆಂಬುದು ಮನೆಯವರು ಮುದ್ದಿನಿಂದ ಕರೆದ ಹೆಸರು. ಬಡತನದಿಂದ ಓದು ಬಹುದೂರ ಸಾಗಲಿಲ್ಲ. ಅಂಗಸಾಧನೆಯಲ್ಲಿ ತರಬೇತಿ ಪಡೆದು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾದನು. ಹಗಲು ಹುಡುಗರಿಗೆ ಕವಾಯತು ಕಲಿಸುತ್ತಿದ್ದವನು ಹಳಗನ್ನಡ ಕಾವ್ಯಗಳಲ್ಲಿ ಮುಳುಗಿ, ಆ ಭಾಷೆಯನ್ನು ತನ್ನ ಮನೆಮಾತಿನಷ್ಟು ಸಹಜವಾಗಿ ಪಳಗಿಸಿಕೊಂಡನು. ಯಕ್ಷಗಾನ ಪ್ರಸಂಗಗಳನ್ನು ರಚಿಸಿದನು. ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ಶ್ರೀರಾಮಾಶ್ವಮೇಧಗಳನ್ನು ಬರೆದನು.

ಆದರೆ ಇವು ತನ್ನವೆಂದು ಹೇಳಿಕೊಳ್ಳಲಿಲ್ಲ. ಹಿಂದಿನ ಕವಿಗಳ ಕೃತಿಗಳೆಂದೇ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದನು. ಹಳೆಯದಕ್ಕೆ ಸಲ್ಲುವ ಗೌರವವು ಕಣ್ಣೆದುರಿನ ಬಡ ಉಪಾಧ್ಯಾಯನಿಗೆ ಸಲ್ಲದೆಂಬ ಅಳುಕು ಅವನಿಗಿದ್ದಿರಬೇಕೆಂದು ನನ್ನ ಊಹೆ. ಹೀಗೆ ಅವನು ಯಾವ ಯಂತ್ರವೂ ಇಲ್ಲದೆ ಕಾಲವನ್ನು ಹಿಂದಕ್ಕೆ ದಾಟಿದನು.

ರಾಮಾಶ್ವಮೇಧದ ಸೊಗಸಿರುವುದು ಮುದ್ದಣ ಮನೋರಮೆಯರ ಸಲ್ಲಾಪದಲ್ಲಿ. ಮಳೆಗಾಲದ ಬೇಸರ ಕಳೆಯಲು ಮಡದಿ ಕಥೆ ಕೇಳುತ್ತಾಳೆ. ಪದ್ಯ ಬೇಡ, ಗದ್ಯವೇ ಆಗಲಿ ಎನ್ನುತ್ತಾಳೆ. ಸಂಸ್ಕೃತ ಹೆಚ್ಚಿದರೆ ಕೆಣಕುತ್ತಾಳೆ. ಮಾತು ಹಳೆಯದು, ದಾಂಪತ್ಯ ಹೊಸದು. ಆ ಸರಸವನ್ನು ಓದುವಾಗಲೆಲ್ಲ, ಇದು ಪುರಾತನರ ಕೈವಾಡವಲ್ಲವೆಂದು ಅಂದಿನವರಿಗೆ ಏಕೆ ಹೊಳೆಯಲಿಲ್ಲವೆಂದು ನಾನು ಬೆರಗಾಗುತ್ತೇನೆ. ಒಂದಾಗಿ ಕುಳಿತು ನಗುವ ಈ ದಂಪತಿಗಳು ಹೇಳಿ ಕೇಳುವುದಾದರೋ ಸೀತಾರಾಮರ ಅಗಲಿಕೆಯ ಕಥೆಯನ್ನು!

ಕ್ಷಯರೋಗಕ್ಕೆ ತುತ್ತಾಗಿ ಮುದ್ದಣನು 1901ರ ಫೆಬ್ರವರಿಯಲ್ಲಿ ತೀರಿಕೊಂಡನು. ಆಗ ವಯಸ್ಸು 31. ಮಡದಿ ಕಮಲಾಬಾಯಿ ವಿಧವೆಯಾದಳು. ಕವಿ ಯಾರೆಂಬ ನಿಜವು ನಾಡಿಗೆಲ್ಲ ತಿಳಿದದ್ದು ಅನಂತರವೇ. ಕಾದಂಬರಿಯ ನಾಯಕನು ಕೊನೆಗೆ ತನ್ನ ಕಾಲಕ್ಕೆ ಹಿಂದಿರುಗಿ ಬರುತ್ತಾನೆ. ಮುದ್ದಣನ ಹೆಸರು ಹಿಂದಿರುಗಿತು. ಕೇಳಿ ಹಿಗ್ಗಲು ಅವನಿರಲಿಲ್ಲ.

ಇಂದು ಅವನನ್ನು ಹೊಸಗನ್ನಡದ ಮುಂಗೋಳಿಯೆಂದು ಕರೆಯುತ್ತೇವೆ. ಹಳಬನ ವೇಷದಲ್ಲಿ ಅಡಗಿದವನೇ ಹೊಸತನ್ನು ಸಾರಿದನೆಂಬುದನ್ನು ತರಗತಿಯಲ್ಲಿ ಹೇಳುವಾಗ ಇಂದಿಗೂ ನನ್ನ ದನಿ ತುಸು ತಗ್ಗುತ್ತದೆ.