ರೋಗಿಯೊಡನೆ ಮಾತನಾಡಲು ಕಲಿಸಿದ ಫ್ಲಾರೆನ್ಸ್ ನೈಟಿಂಗೇಲ್

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಒಂದೇ ಚಿತ್ರ: ಕತ್ತಲು ತುಂಬಿದ ವಾರ್ಡು, ಸಾಲು ಮಂಚಗಳು, ದೀಪ ಹಿಡಿದು ಬರುವ ಹೆಂಗಸು. ಆ ಚಿತ್ರ ಸುಳ್ಳಲ್ಲ. ಆದರೆ ದೀಪದ ಬೆಳಕಿನಲ್ಲಿ ಆಕೆಯ ಇನ್ನೊಂದು ದೊಡ್ಡ ಕೆಲಸ ಮರೆಯಾಗಿದೆ. ಕಾಯಿಲೆಯವರೊಡನೆ ಹೇಗೆ ಮಾತನಾಡಬೇಕು, ಅವರ ಮನೆಯವರಿಗೆ ಏನು ತಿಳಿಸಬೇಕು ಎಂಬುದನ್ನೂ ಆಕೆ ದಾದಿಯ ಕರ್ತವ್ಯಗಳಲ್ಲಿ ಸೇರಿಸಿದರು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದುಡಿಯುವವರು ನಮ್ಮ ಸಂಘದ ಎಷ್ಟೋ ಮನೆಗಳಲ್ಲಿರುವುದರಿಂದ ಆ ಕಥೆಯನ್ನು ಈ ಸಂಚಿಕೆಯಲ್ಲಿ ಹೇಳುವುದು ಉಚಿತವೆನಿಸಿತು.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಇಂಗ್ಲಿಷ್ ದಂಪತಿಗಳಿಗೆ ಆಕೆ ಜನಿಸಿದರು. ಊರಿನ ಹೆಸರನ್ನೇ ಮಗುವಿಗಿಟ್ಟರು. ದಾದಿಯ ಕೆಲಸ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲವೆಂದು ಮನೆಯವರು ವರ್ಷಗಟ್ಟಲೆ ತಡೆದರು. (ನಮ್ಮ ಕಡೆಯೂ ಇದು ಕೇಳಿದ ಮಾತೇ.) ಹಟ ಬಿಡದೆ 1851ರಲ್ಲಿ ಜರ್ಮನಿಗೆ ಹೋಗಿ ತರಬೇತಿ ಪಡೆದು ಬಂದರು. ಆಗ ಕಾಲರಾ ಮಹಾಮಾರಿ ಖಂಡದಿಂದ ಖಂಡಕ್ಕೆ ಹಬ್ಬುತ್ತಿದ್ದ ಕಾಲ. 1854ರ ಬೇಸಿಗೆಯಲ್ಲಿ ಅದು ಲಂಡನ್ನಿನ ಸೋಹೋ ಬಡಾವಣೆಗೆ ಬಡಿದಾಗ ಆಕೆ ತಾವಾಗಿಯೇ ಮಿಡಲ್‌ಸೆಕ್ಸ್ ಆಸ್ಪತ್ರೆಗೆ ಹೋಗಿ ರೋಗಿಗಳ ಆರೈಕೆಗೆ ನಿಂತರು.

ಅದೇ ವರ್ಷ ನವೆಂಬರಿನಲ್ಲಿ, ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ 38 ಮಹಿಳೆಯರೊಡನೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಬಂದರು. ಆ ಚಳಿಗಾಲದಲ್ಲಿ ಅಲ್ಲಿ ಸುಮಾರು 4,000 ಸೈನಿಕರು ಸತ್ತರು. ಗಾಯಗಳಿಗಿಂತ ಕಾಲರಾ, ಆಮಶಂಕೆ, ಟೈಫಸ್ ಜ್ವರಗಳೇ ಹೆಚ್ಚು ಮಂದಿಯನ್ನು ಕೊಂದವು. ಸತ್ತವರ ತಾಯಿ, ಹೆಂಡತಿಯರಿಗೆ ಆಕೆ ಕೂತು ಕಾಗದ ಬರೆಯುತ್ತಿದ್ದರು. ಬರಿಯ ಸಾವಿನ ಸುದ್ದಿಯಲ್ಲ. ಕೊನೆಯ ದಿನಗಳು ಹೇಗೆ ಕಳೆದವು, ಯಾರನ್ನು ನೆನೆದ, ಏನು ಬಿಟ್ಟುಹೋದ ಎಂಬ ವಿವರಗಳೂ ಅದರಲ್ಲಿರುತ್ತಿದ್ದವು. ಸಾಮಾನ್ಯ ಸಿಪಾಯಿಯ ಮನೆಗೆ ಹೀಗೊಂದು ಕಾಗದ ಬರುವುದು ಅಂದಿನ ಸೈನ್ಯದಲ್ಲಿ ಅಪರೂಪ.

ಮಮತೆಯೊಂದೇ ಸಾಲದೆಂಬುದನ್ನೂ ಸ್ಕುಟಾರಿಯೇ ಕಲಿಸಿತು. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ರಷ್ಟಿತ್ತು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ತೊಳೆಸಿ, ಗಾಳಿಯಾಡಲು ದಾರಿ ಮಾಡಿದ ಮೇಲೆ ಜೂನ್ ವೇಳೆಗೆ ಅದು ಎರಡರ ಆಸುಪಾಸಿಗೆ ಇಳಿಯಿತು. ಕಟ್ಟಡದಡಿಯ ಕೊಳಚೆಯೇ ಕೊಂದಿದ್ದೆಂದು ಆಕೆಗೆ ಪೂರ್ಣ ಮನವರಿಕೆಯಾದದ್ದು ಊರಿಗೆ ಮರಳಿ ಅಂಕಿಅಂಶಗಳನ್ನು ಲೆಕ್ಕಹಾಕಿದ ಮೇಲೆ.

ಶುಶ್ರೂಷೆಯನ್ನು ಕುರಿತು ಆಕೆ ಬರೆದ ಪುಟ್ಟ ಪುಸ್ತಕ 1860ರ ಹೊತ್ತಿಗೆ ಜನರ ಕೈಸೇರಿತು. ಗಾಳಿ, ಬೆಳಕು, ಶುಚಿಗಳ ಜೊತೆಗೆ ಮಾತಿನ ವಿಚಾರ ಅದರಲ್ಲಿ ಬಹಳವಿದೆ. ರೋಗಿಯ ಕಿವಿಗೆ ಅರ್ಧಂಬರ್ಧ ಬೀಳುವಂತೆ ಪಿಸುಗುಟ್ಟುವುದು ಕ್ರೌರ್ಯವೆನ್ನುತ್ತಾರೆ. ತನ್ನ ವಿಷಯವೇ ಇರಬೇಕೆಂದು ಅವನು ಕಿವಿ ನಿಮಿರಿಸಿ ಬಳಲುತ್ತಾನೆ. ಕತ್ತು ಹೊರಳಿಸದೆ ಮುಖ ಕಾಣುವಂತೆ ಎದುರಿಗೆ ಕುಳಿತೇ ಮಾತನಾಡಬೇಕು. ಬೆನ್ನ ಹಿಂದಿನಿಂದಲೋ ಬಾಗಿಲಿನಿಂದಲೋ ಮಾತನಾಡಿಸಬಾರದು. ಹೊರಗೆ ಹೋಗುವುದು ಹತ್ತೇ ನಿಮಿಷಕ್ಕಾದರೂ ಎಷ್ಟು ಹೊತ್ತಿಗೆ ಬರುವೆನೆಂದು ಮೊದಲೇ ತಿಳಿಸಬೇಕು. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಿ ಪ್ರಯೋಜನವಿಲ್ಲ. ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ವೈದ್ಯರಿಗೆ ಉಪಯೋಗ. ಏನೂ ಆಗುವುದಿಲ್ಲ ಬಿಡಿ ಎನ್ನುವ ಸುಳ್ಳು ಸಮಾಧಾನವನ್ನಂತೂ ಆಕೆ ಸಹಿಸುತ್ತಿರಲಿಲ್ಲ. ಆಸ್ಪತ್ರೆಗೆ ಹಣ್ಣು ಹಿಡಿದು ಹೊರಡುವ ನಮ್ಮಂಥವರು ಆ ಅಧ್ಯಾಯವನ್ನು ಓದಬೇಕು!

ಆಕೆಯಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಕೈಕೆಳಗಿನವರಿಗೆ ಬಲು ಬಿಗಿ, ಹಟಮಾರಿ. ರೋಗ ಒಬ್ಬರಿಂದೊಬ್ಬರಿಗೆ ಅಂಟುತ್ತದೆಂಬ ವಾದವನ್ನು ಬಹುಕಾಲ ಒಪ್ಪಲಿಲ್ಲ. ಆದರೂ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನಲ್ಲಿ ಆರಂಭವಾದ ಶಾಲೆಯಿಂದ ಹೊರಬಂದವರು ದೂರದ ದೇಶಗಳಿಗೂ ಶುಶ್ರೂಷೆಯ ಹೊಸ ಕ್ರಮವನ್ನು ಒಯ್ದರು.

ಆಕೆ ಹುಟ್ಟಿ 200 ವರ್ಷ ತುಂಬಿದ 2020ನ್ನು ವಿಶ್ವ ಆರೋಗ್ಯ ಸಂಸ್ಥೆ ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಬಂದದ್ದು ಕೋವಿಡ್. ಏಪ್ರಿಲ್ 3ರಂದು ಲಂಡನ್ನಿನ ವಸ್ತುಪ್ರದರ್ಶನ ಭವನವೊಂದರಲ್ಲಿ ತೆರೆದ ತುರ್ತು ಆಸ್ಪತ್ರೆಗೆ ಆಕೆಯ ಹೆಸರನ್ನೇ ಇಟ್ಟರು. ಎದುರಿಗೆ ಕುಳಿತರೂ ಮಾಸ್ಕಿನಿಂದಾಗಿ ಮುಖ ಕಾಣದು. ಮನೆಯವರಿಗೆ ಒಳಗೆ ಪ್ರವೇಶವಿಲ್ಲ. ದಾದಿಯರು ಎದೆಯ ಮೇಲೆ ತಮ್ಮ ಭಾವಚಿತ್ರ ಅಂಟಿಸಿಕೊಂಡರು, ಕಣ್ಣಿನಿಂದ, ಕೈಸನ್ನೆಯಿಂದ ಮಾತನಾಡಿದರು, ರೋಗಿಯ ಕಿವಿಯ ಬಳಿ ಫೋನು ಹಿಡಿದು ನಿಂತರು. ಸಾವಿರಾರು ಮೈಲಿ ದೂರದ ಊರಿನ ಆಸ್ಪತ್ರೆಯಿಂದ ಬರುವ ಅಂಥ ಕರೆಗಾಗಿ ರಾತ್ರಿಯಿಡೀ ಕಾದ ಮನೆಗಳು ನಮ್ಮಲ್ಲೂ ಇದ್ದವು.

ಯುದ್ಧಭೂಮಿಯಲ್ಲಿ ತಗುಲಿದ ಜ್ವರ ನೈಟಿಂಗೇಲರ ಆರೋಗ್ಯವನ್ನು ಕೆಡಿಸಿತ್ತು. ಮುಂದೆ ಎಷ್ಟೋ ವರ್ಷ ಹೆಚ್ಚಾಗಿ ಕೋಣೆಯಲ್ಲೇ ಉಳಿದು ಕಾಗದಗಳ ಮೂಲಕವೇ ಕೆಲಸ ನಡೆಸಿದರು. 1910ರ ಆಗಸ್ಟ್ 13ರಂದು ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಸಲಹೆ ಬಂದರೂ ಬಂಧುಗಳು ಒಪ್ಪಲಿಲ್ಲ. ಹ್ಯಾಂಪ್‌ಷೈರಿನ ಈಸ್ಟ್ ವೆಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ, ಕುಟುಂಬದ ಸಮಾಧಿಯಲ್ಲೇ ಆಕೆಯನ್ನಿರಿಸಿದರು. ಅಲ್ಲಿ ಕಲ್ಲಿನ ಮೇಲೆ ಆಕೆಯ ಪೂರ್ಣ ಹೆಸರೂ ಇಲ್ಲ. ಎರಡು ಮೊದಲಕ್ಷರಗಳು, ಹುಟ್ಟಿದ ಮತ್ತು ಸತ್ತ ದಿನಾಂಕಗಳು ಮಾತ್ರ.