ವಿಶ್ವೇಶ್ವರಯ್ಯನವರು ಪೇಟೆಂಟ್ ಪಡೆದ ಕೋಡಿ ಬಾಗಿಲು

ಸೊರಟೂರ ಕಡೆಯ ಎರೆಭೂಮಿಯಲ್ಲಿ ಕೂರಿಗೆಗೋ ಎಡೆಕುಂಟೆಗೋ ತನ್ನದೇ ಸುಧಾರಣೆ ಮಾಡಿದ ರೈತರು, ಬಡಿಗರು, ಕಂಬಾರರು ಇದ್ದೇ ಇರುತ್ತಾರೆ. ಅದರ ಹಕ್ಕನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು ಮಾತ್ರ ಅಪರೂಪ. ಗದಗ ತಾಲೂಕು ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ ಅದೇ ಪ್ರಾಂತದ ನೌಕರಿಯಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈ ಕೆಲಸ ಮಾಡಿದ್ದರು.

ಅವರು ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿಯವರು. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮನೆಪಾಠ ಹೇಳಿ ಗಳಿಸಿದ ಹಣದಲ್ಲಿ ಓದಿ 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಡೆದರು. ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು 1884ರಲ್ಲಿ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆಗೆ ನೀರು ಕೊಡುವ ಖಡಕವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿ ಬಿದ್ದು ಹೋಗುತ್ತಿತ್ತು, ಬೇಸಿಗೆಗೆ ಸಾಲುತ್ತಿರಲಿಲ್ಲ. ಕಟ್ಟೆಯನ್ನು ಎತ್ತರಿಸದೆ, ಕೋಡಿಯ ಮೇಲೆ ತೂಕದ ಕಲ್ಲುಗಳ ಆಧಾರದಲ್ಲಿ ಆಡುವ ಬಾಗಿಲುಗಳನ್ನು ಅವರು ರೂಪಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಬಾಗಿಲು ತಾನೇ ತೆರೆಯುವುದು, ಇಳಿದರೆ ತಾನೇ ಮುಚ್ಚುವುದು. ಇದರಿಂದ ಸುಮಾರು 8 ಅಡಿ ನೀರು ಹೆಚ್ಚಾಗಿ ನಿಂತಿತು. 1903ರಲ್ಲಿ ಈ ಬಾಗಿಲಿಗೆ ಪೇಟೆಂಟ್ ಪಡೆದರು.

ಇಲ್ಲೊಂದು ಸೂಕ್ಷ್ಮವಿದೆ. ನೀರು ನಿಲ್ಲಿಸುವುದು ಹಳೆಯ ವಿದ್ಯೆ, ಅದಕ್ಕೆ ಹಕ್ಕಿಲ್ಲ. ಬಾಗಿಲು ಹೊಸ ರೀತಿಯಲ್ಲಿ ಕೆಲಸ ಮಾಡುವ ರಚನೆಗೆ ಹಕ್ಕು. ಇಂದಿನ 1970ರ ಪೇಟೆಂಟ್ ಕಾಯ್ದೆಯಲ್ಲಿಯೂ ಹಾಗೆಯೇ: ಬೇಸಾಯದ ಪದ್ಧತಿಗೆ ಪೇಟೆಂಟ್ ಇಲ್ಲ, ಹೊಸ ಉಪಕರಣಕ್ಕೆ ಉಂಟು. ಹೊಸ ತಳಿಗೆ ಬೇರೆಯೇ, 2001ರ ಕಾಯ್ದೆಯಿದೆ.

ನಮ್ಮವರು ತಪ್ಪುವುದು ಎಲ್ಲಿ ಎಂದರೆ, ಕೃಷಿ ಮೇಳದಲ್ಲಿ ಉಪಕರಣ ತೋರಿಸಿ, ನಾಲ್ಕು ಜನರಿಗೆ ಮಾರಿ, ಆಮೇಲೆ ಅರ್ಜಿಯ ವಿಚಾರ ಮಾಡುತ್ತಾರೆ. ಆಗ ಅದು ಹೊಸದಲ್ಲವೆಂದು ಅರ್ಜಿ ಬಿದ್ದುಹೋಗಬಹುದು. ಉಪಕರಣ ಇನ್ನೂ ಪೂರ್ಣವಾಗಿಲ್ಲವೆಂದು ಕಾಯಬೇಕಾಗಿಲ್ಲ. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ ತಾರೀಖು ಹಿಡಿದುಕೊಂಡು, 12 ತಿಂಗಳೊಳಗೆ ನಕ್ಷೆ ಸಹಿತ ಪೂರ್ಣ ವಿವರಣೆ ಕೊಡಬಹುದು. ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತದೆ. ಅರ್ಜಿ ಹಾಕಿದರೆ ಸಾಲದು, ಪರೀಕ್ಷೆ ನಡೆಸಿರೆಂದು ಬೇರೆಯಾಗಿ ಕೋರಿ ಶುಲ್ಕ ಕಟ್ಟಬೇಕು; ಇದನ್ನು ಮರೆತರೆ ಅರ್ಜಿ ಹಿಂತೆಗೆದುಕೊಂಡಂತೆ. ಮಂಜೂರಾದ ಹಕ್ಕು ಅರ್ಜಿಯ ತಾರೀಖಿನಿಂದ 20 ವರ್ಷ, ಅದೂ ನವೀಕರಣ ಶುಲ್ಕ ತಪ್ಪದೆ ಕಟ್ಟಿದರೆ.

ಸರ್ಕಾರಿ ನೌಕರನಾಗಿ ಮಾಡಿದ ಕೆಲಸವೆಂದು ವಿಶ್ವೇಶ್ವರಯ್ಯನವರು ರಾಜಧನ ಬೇಡವೆಂದರೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಹಕ್ಕು ಕೈಯಲ್ಲಿದ್ದುದರಿಂದಲೇ ಬೇಡವೆನ್ನಲು ಬಂದಿತು. ಮುಂದೆ ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ದೊರೆಯಿತು. 1962ರ ಏಪ್ರಿಲ್ 14ರಂದು ತೀರಿಕೊಂಡರು. ಅಷ್ಟರಲ್ಲಿ ಆ ಬಗೆಯ ಬಾಗಿಲುಗಳು ಕೃಷ್ಣರಾಜಸಾಗರದಲ್ಲಿಯೂ ಕೂತಿದ್ದವು.