ಫ್ರೋಬೆಲನ ಮಕ್ಕಳ ತೋಟ

ಹಸುಳೆಗಳ ಶಾಲೆಯನ್ನು ಕಂಡು ಪ್ರಬಲವಾದ ಸರಕಾರವೊಂದು ಬೆದರಿತೆಂದರೆ ವಾಚಕರು ನಗಬಹುದು. ಆದರೂ 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರಕಾರದವರು ತಮ್ಮ ಸೀಮೆಯ ಕಿಂಡರ್‌ಗಾರ್ಟನ್ ಶಾಲೆಗಳನ್ನೆಲ್ಲ ನಿಷೇಧಿಸಿದರು. ಅವುಗಳ ಜನಕನಾದ ಫ್ರೀಡ್ರಿಖ್ ಫ್ರೋಬೆಲನ ಚರಿತ್ರೆಯನ್ನು ಇಂದು ಸಂಕ್ಷೇಪವಾಗಿ ನಿರೂಪಿಸುವೆವು.

ಈತನು ಜರ್ಮನಿಯ ತೂರಿಂಗಿಯಾ ಪ್ರಾಂತದಲ್ಲಿ 1782ರಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ವರ್ಷ ತುಂಬುವುದರೊಳಗೆ ತಾಯಿ ತೀರಿಕೊಂಡಳು. ಅರಣ್ಯಾಧಿಕಾರಿಯ ಬಳಿ ಉಮೇದುವಾರಿ, ಮೋಜಣಿ ಮೊದಲಾದ ಕಸುಬುಗಳನ್ನು ಹಿಡಿದು ಬಿಟ್ಟು 1805ರಲ್ಲಿ ಉಪಾಧ್ಯಾಯನಾದನು. ಸ್ವಿಟ್ಜರ್ಲೆಂಡಿನ ಪೆಸ್ತಲೋಜಿಯ ಬಳಿ ಎರಡು ವರ್ಷವಿದ್ದು ಬಂದು, 1816ರಲ್ಲಿ ಅಣ್ಣಂದಿರ ಐವರು ಮಕ್ಕಳನ್ನೇ ಶಿಷ್ಯರನ್ನಾಗಿ ಮಾಡಿಕೊಂಡು ಸ್ವಂತ ಶಾಲೆಯನ್ನು ತೆರೆದನು.

ಆದರೆ ಈತನ ಹೆಸರನ್ನು ಉಳಿಸಿದ ಕಾರ್ಯವು ಆರಂಭವಾದುದು, ಅನ್ಯರು ವಿಶ್ರಾಂತಿಯನ್ನು ಬಯಸುವ ಐವತ್ತೈದರ ಪ್ರಾಯದಲ್ಲಿ, ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ. ಪಾಠದ ನಡುವಿನ ಬಿಡುವೆಂದು ಪಂತೋಜಿಗಳು ಎಣಿಸಿದ್ದ ಆಟವೇ ಎಳೆಯರ ನಿಜವಾದ ಪಾಠವೆಂದು ಈತನು ನಂಬಿದ್ದನು. ಅದಕ್ಕಾಗಿ ಮಾಡಿಸಿದ ಆಟಿಕೆಗಳಿಗೆ ಕಾಣಿಕೆಗಳೆಂದು ಹೆಸರಿಟ್ಟನು. ಮೊದಲನೆಯದು ಆರು ಬಣ್ಣದ ಉಣ್ಣೆಯ ಚೆಂಡುಗಳು; ಎರಡನೆಯದು ಮರದ ಗೋಲ, ಘನ ಮತ್ತು ಉರುಳೆ; ಮೂರನೆಯದು ಎಂಟು ಸಮ ತುಂಡುಗಳಾಗಿ ಬಿಡಿಸಬಹುದಾದ ಘನ. ಮಗುವು ಅದನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಬಿಡಿಸಿ, ಮತ್ತೆ ಕೂಡಿಸಿ, ಕುರ್ಚಿಯನ್ನೋ ಮೆಟ್ಟಿಲನ್ನೋ ಕಟ್ಟುವಾಗ ಅರ್ಧ, ಕಾಲು, ಅರೆಕಾಲುಗಳು ಅದರ ಕೈಗೇ ತಿಳಿದುಬಿಡುತ್ತವೆ. ಬೆತ್ತದ ಭಯದಲ್ಲಿ ಮಗ್ಗಿಯನ್ನು ಉರುಹೊಡೆದವರು ಇದರ ಬೆಲೆಯನ್ನು ಬಲ್ಲರು.

1840ರಲ್ಲಿ ಈ ಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂಬ ಹೆಸರು ಬಂದಿತು. ಅಲ್ಲಿ ಮಕ್ಕಳಿಗೆ ತಮ್ಮತಮ್ಮದೇ ಆದ ಹೂವಿನ ಪಾತಿಗಳೂ ಇದ್ದುವು. ಆ ಹೆಸರನ್ನು ಕೆ.ಜಿ. ಎಂಬ ಎರಡಕ್ಷರಕ್ಕೆ ಇಳಿಸಿ, ಮೂರು ವರ್ಷದ ಕೂಸಿನ ಕೈಗೆ ಪೆನ್ಸಿಲನ್ನು ತುರುಕಿ ಪರೀಕ್ಷೆ ನಡೆಯಿಸುವ ನಮ್ಮ ಪಟ್ಟಣಗಳ ಕೆಲವು ಶಾಲೆಗಳನ್ನು ಆತನು ಕಂಡಿದ್ದರೆ ಏನೆನ್ನುತ್ತಿದ್ದನೋ ನಾವರಿಯೆವು.

1848ರ ಕ್ರಾಂತಿಯ ಬಳಿಕ ಪ್ರಷ್ಯಾದ ಅಧಿಕಾರಿಗಳಿಗೆ ಎಲ್ಲೆಲ್ಲಿಯೂ ರಾಜದ್ರೋಹವೇ ತೋರುತ್ತಿದ್ದಿತು. ಅಣ್ಣನ ಮಗನಾದ ಕಾರ್ಲನ ಪುಸ್ತಿಕೆಯೊಂದರ ದೋಷವನ್ನು ಚಿಕ್ಕಪ್ಪನ ಮೇಲೆ ಹೊರಿಸಿ, ಮಕ್ಕಳ ತೋಟಗಳು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುವುವೆಂದು ಮಂತ್ರಿಯಾದ ರೌಮರನು ತೀರ್ಮಾನಿಸಿದನು. ದೈವಭಕ್ತನಾದ ವೃದ್ಧನು ಅರಸನಿಗೆ ಬಿನ್ನವಿಸಿಕೊಂಡರೂ ಫಲವಾಗಲಿಲ್ಲ. 1852ರ ಜೂನ್ 21ರಂದು ಆತನು ಕಾಲವಾದನು. ಆಜ್ಞೆಯು ರದ್ದಾದುದು 1860ರಲ್ಲಿ. ಅಷ್ಟರಲ್ಲಿ ಜರ್ಮನ್ ಸ್ತ್ರೀಯರು ಆ ಪದ್ಧತಿಯನ್ನು ಇಂಗ್ಲೆಂಡಿಗೂ ಅಮೆರಿಕಕ್ಕೂ ಒಯ್ದಾಗಿತ್ತು. ಶ್ವೈನಾ ಗ್ರಾಮದಲ್ಲಿರುವ ಫ್ರೋಬೆಲನ ಸಮಾಧಿಯ ಮೇಲೆ ಒಂದು ಘನವನ್ನೂ, ಅದರ ಮೇಲೆ ಉರುಳೆಯನ್ನೂ, ತುದಿಯಲ್ಲಿ ಗೋಲವನ್ನೂ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ.